ಭಾವಚಿತ್ರ ನೋಡುವುದು ಹೇಗೆ?



ನಾನು ಚಿತ್ರಕಾರನಲ್ಲ, ಚಿತ್ರಕಲೆಯ ಪಂಡಿತನೂ ಅಲ್ಲ. ಮ್ಯಾಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ ಕಾರಕೂನನಾಗಿ ಸೇರಿ, ಕೌಂಟರಿನ ಹಿಂದೆಯೇ ತಲೆ ಬೆಳ್ಳಗೆ ಮಾಡಿಕೊಂಡು ನಿವೃತ್ತನಾದವನು. "ಇವನಿಗೇಕೆ ಚಿತ್ರದ ಮಾತು?" ಎಂದು ತಾವು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಆದರೆ ಬ್ಯಾಂಕಿನ ಕಾರಕೂನ ಜೀವಮಾನವೆಲ್ಲ ಮಾಡುವ ಕೆಲಸ ಎರಡೇ. ಒಂದು ಅಂಕಿ ನೋಡುವುದು, ಇನ್ನೊಂದು ಮುಖ ನೋಡುವುದು. ಅಂಕಿ ನೋಡುವುದರಲ್ಲಿ ನಾನು ತಪ್ಪಿದ್ದು ಕಡಿಮೆ. ಮುಖ ನೋಡುವುದರಲ್ಲಿ ಒಮ್ಮೆ ದೊಡ್ಡದಾಗಿ ತಪ್ಪಿದೆ. ಇಂದಿನ ಮಾತನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.

ಪಿಂಚಣಿ ತೆಗೆದುಕೊಳ್ಳುವವರು ವರ್ಷಕ್ಕೊಮ್ಮೆ, ನವೆಂಬರ ತಿಂಗಳಲ್ಲಿ, "ನಾನು ಜೀವಂತ ಇದ್ದೇನೆ" ಎಂದು ಬರೆದುಕೊಡಬೇಕು. ಮರಾಠಿಯಲ್ಲಿ ಅದಕ್ಕೆ "ಹಯಾತೀಚಾ ದಾಖಲಾ" ಎನ್ನುತ್ತಾರೆ; ನಮ್ಮ ಜತ್ತದ ಕಡೆಯ ಜನ "ಹಯಾತಿ ದಾಖಲೆ" ಎನ್ನುತ್ತಾರೆ. 2014ರಿಂದ ಬೆರಳಚ್ಚು ಒತ್ತಿ ಯಂತ್ರದ ಮೂಲಕ ಕೊಡುವ ಅನುಕೂಲ ಬಂದಿದೆ. ನಾನು ಹೇಳುವುದು ಅದಕ್ಕೂ ಹಿಂದಿನ ಸಂಗತಿ. ಆಗ ಮುದುಕರು ತಾವೇ ಬಂದು ಕೌಂಟರಿನ ಮುಂದೆ ನಿಲ್ಲಬೇಕಾಗಿತ್ತು. ನಾವು ಕಡತದಲ್ಲಿದ್ದ ಫೋಟೋ ನೋಡಿ, ಎದುರಿನ ಮುಖ ನೋಡಿ, ಸಹಿ ಹಾಕಬೇಕಾಗಿತ್ತು.

ಒಂದು ನವೆಂಬರದಲ್ಲಿ ಜತ್ತ ತಾಲೂಕಿನ ಹಳ್ಳಿಯಿಂದ ಒಬ್ಬ ವಿಧವೆ ಅಜ್ಜಿ ಬಂದಳು. ಗಂಡ ರೇಲ್ವೆಯಲ್ಲಿ ದುಡಿದವನು. ಕಡತದಲ್ಲಿ ಗಂಡ ಹೆಂಡತಿ ಜೋಡಿಯಾಗಿ ತೆಗೆಸಿಕೊಂಡ ಫೋಟೋ ಇತ್ತು. ಅದರಲ್ಲಿದ್ದವಳು ತುಂಬು ಕೆನ್ನೆಯ, ಮೂಗುತಿಯ, ಕಾಸಿನಗಲ ಕುಂಕುಮದ ಹೆಂಗಸು. ಕೌಂಟರಿನ ಮುಂದೆ ನಿಂತವಳಿಗೆ ಕೆನ್ನೆ ಇರಲಿಲ್ಲ, ಹಲ್ಲು ಇರಲಿಲ್ಲ, ಹಣೆ ಬರಿದಾಗಿತ್ತು. ಹಿಂದೆ ಸಾಲು ಉದ್ದ ಇತ್ತು. ನಾನು ಒಂದು ಕ್ಷಣ ನೋಡಿ, "ಅಜ್ಜಿ, ಮುಖ ಹೊಂದೂದಿಲ್ಲ. ತಲಾಠಿಯ ಕಾಗದ ತಗೊಂಡು ಬಾ" ಎಂದೆ. ಆಕೆ ಜಗಳ ಆಡಲಿಲ್ಲ. ಕೌಂಟರಿನ ಜಾಲರಿಗೆ ಮುಖ ತಂದು ಹೇಳಿದಳು:

"ಸಾಹೇಬ್ರ, ಆ ಫೋಟೋದಾಗ ಇರಾಕಿ ಗಂಡ ಇದ್ದಾಕಿ. ನಾ ಗಂಡ ಹ್ವಾದಾಕಿ. ಇಬ್ಬರೂ ಹ್ಯಾಂಗ ಒಂದ ಆಗ್ತೀವ್ರಿ?"

ಎರಡು ದಿನ ಬಿಟ್ಟು ಕಾಗದ ತಂದಳು. ಆಗ ಸಾಲು ಇರಲಿಲ್ಲ, ನಾನು ನಿಧಾನವಾಗಿ ನೋಡಿದೆ. ಎಡಗಣ್ಣಿನ ಕೆಳಗೆ ಒಂದು ಸಣ್ಣ ಮಚ್ಚೆ. ಫೋಟೋದಲ್ಲೂ ಅದೇ ಜಾಗದಲ್ಲಿ ಅದೇ ಮಚ್ಚೆ. ಎಡ ಹುಬ್ಬು ಬಲಕ್ಕಿಂತ ತುಸು ಮೇಲೆ, ಫೋಟೋದಲ್ಲೂ ಹಾಗೆಯೇ. ಎಲ್ಲವೂ ಮೊದಲ ದಿನವೇ ಅಲ್ಲಿತ್ತು. ನಾನು ನೋಡಿರಲಿಲ್ಲ. ಆಕೆ ಎರಡು ಸಲ ಬಸ್ಸಿನ ಖರ್ಚು ಕೊಟ್ಟದ್ದು ನನ್ನ ಒಂದು ಕ್ಷಣದ ಆತುರಕ್ಕೆ.

ಈಚೆಗೆ ಸಾಂಗಲಿಯಲ್ಲಿ ಒಬ್ಬ ಚಿತ್ರಕಾರರ ಭಾವಚಿತ್ರಗಳ ಪ್ರದರ್ಶನಕ್ಕೆ ಹೋದಾಗ ಈ ಅಜ್ಜಿ ನೆನಪಾದಳು. ಗೋಡೆಯ ಮೇಲೆ ಸಾಲಾಗಿ ಮುಖಗಳು: ರುಮಾಲಿನ ರೈತ, ಹೂ ಮಾರುವವಳು, ಕನ್ನಡಕದ ಮಾಸ್ತರರು. ಜನ ಬರುತ್ತಿದ್ದರು, ಒಂದೊಂದರ ಮುಂದೆ ಒಂದು ಕ್ಷಣ ನಿಂತು "ಹುಬೇಹುಬ್!" ಎನ್ನುತ್ತಿದ್ದರು, ಮುಂದೆ ಹೋಗುತ್ತಿದ್ದರು. "ಫೋಟೋ ಇದ್ದಂಗ ಐತಿ" ಎಂದು ಕನ್ನಡದಲ್ಲಿ ಹೇಳಿದವರೂ ಇದ್ದರು. ಹತ್ತು ನಿಮಿಷದಲ್ಲಿ ಎಲ್ಲ ಮುಗಿದು ಹೊರಗೆ ಚಹಾ. ನನ್ನ ಕೌಂಟರಿನ ಕೆಲಸವೇ ಅಲ್ಲಿಯೂ ನಡೆದಿತ್ತು. ಮುಖ ಹೊಂದುತ್ತದೆಯೋ ಇಲ್ಲವೋ ನೋಡಿ ಸಹಿ ಹಾಕಿದಂತೆ.

ಹಾಗಾದರೆ ಭಾವಚಿತ್ರವನ್ನು ಹೇಗೆ ನೋಡಬೇಕು? ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲು ಮಾತಿನ ವಿಚಾರ. ನಾವು ಗಡಿಯವರು, ಎರಡು ಭಾಷೆಯ ಗಂಟು ಕಟ್ಟಿಕೊಂಡು ಓಡಾಡುವವರು. ಇಂಥ ಚಿತ್ರಕ್ಕೆ ಮರಾಠಿಯಲ್ಲಿ "ವ್ಯಕ್ತಿಚಿತ್ರ" ಎನ್ನುತ್ತಾರೆ. ಕನ್ನಡದಲ್ಲಿ "ಭಾವಚಿತ್ರ" ಎನ್ನುತ್ತೇವೆ. ಅರ್ಜಿಯ ಮೂಲೆಯಲ್ಲಿ ಅಂಟಿಸುವ ಫೋಟೋಕ್ಕೂ ಅದೇ ಶಬ್ದ ಬಳಸಿ ಸವೆಸಿದ್ದೇವೆ, ಆ ಮಾತು ಬೇರೆ. ವ್ಯಕ್ತಿಚಿತ್ರ ಎಂದರೆ ಇವರು ಯಾರು ಎಂದು ಹೇಳುವುದು. ಭಾವಚಿತ್ರ ಎಂದರೆ ಇವರೊಳಗೆ ಏನಿದೆ ಎಂದು ಹೇಳುವುದು. ಒಳ್ಳೆಯ ಚಿತ್ರ ಎರಡನ್ನೂ ಹೇಳಬೇಕು. ಜೋಡಿ ಫೋಟೋದಲ್ಲಿ ವ್ಯಕ್ತಿ ಇದ್ದಳು. ಗಂಡ ಹೋದಾಕಿಯ ಭಾವ ಇರಲಿಲ್ಲ. ಫೋಟೋದ ತಪ್ಪೇನೂ ಅಲ್ಲ, ಅದು ಆ ದಿನದ್ದು.

ಈಗ ತಮ್ಮಲ್ಲಿ ಬಹಳ ಮಂದಿ ನೋಡಿರುವ ಒಂದು ಚಿತ್ರವನ್ನು ನೆನಪಿಗೆ ತಂದುಕೊಳ್ಳಿ. ಸೀರೆ ಉಟ್ಟ ಹೆಣ್ಣುಮಗಳು ಕತ್ತಲಲ್ಲಿ ನಿಂತಿದ್ದಾಳೆ. ಒಂದು ಕೈಯಲ್ಲಿ ದೀಪ, ಗಾಳಿಗೆ ಆರದಂತೆ ಇನ್ನೊಂದು ಕೈ ಅಡ್ಡ. ಬೆರಳುಗಳ ಸಂದಿನಲ್ಲಿ ಬೆಳಕು ಕೆಂಪಗೆ ಹೊಳೆಯುತ್ತದೆ. ಕ್ಯಾಲೆಂಡರುಗಳಲ್ಲಿ, ಮನೆಯ ಪಡಸಾಲೆಗಳಲ್ಲಿ ಇದರ ಪ್ರತಿಯನ್ನು ನೋಡಿರುತ್ತೀರಿ. ಇದು ರಾಜಾ ರವಿವರ್ಮನದು ಎಂದು ಹೇಳುವವರು ಬಹಳ. ಅಲ್ಲ. ರವಿವರ್ಮ 1906ರಲ್ಲಿ ತೀರಿಕೊಂಡರು. ಈ ಚಿತ್ರ ಬರೆದವರು ಎಸ್.ಎಲ್. ಹಳದಣಕರ, ಸಾವಂತವಾಡಿಯಲ್ಲಿ 1882ರಲ್ಲಿ ಹುಟ್ಟಿ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಮರಾಠಿ ಚಿತ್ರಕಾರರು. 1968ರಲ್ಲಿ ಕಾಲವಾದರು. ಮೂಲ ಚಿತ್ರ ಇರುವುದು ನಮ್ಮ ಮೈಸೂರಿನಲ್ಲಿ, ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ. ಮರಾಠಿ ಕೈ ಬರೆದದ್ದನ್ನು ಕನ್ನಡದ ಅರಮನೆ ಕಾದುಕೊಂಡಿದೆ. "ಗ್ಲೋ ಆಫ್ ಹೋಪ್", ಎಂದರೆ ಆಶೆಯ ಬೆಳಕು, ಎಂದು ಅದರ ಹೆಸರು.

ಆ ಹೆಣ್ಣುಮಗಳು ಯಾರು? ಚಿತ್ರಕಾರರ ಸ್ವಂತ ಮಗಳು ಗೀತಾ. ದೀಪಾವಳಿಯಲ್ಲಿ ತಾಯಿಯ ಸೀರೆ ಉಟ್ಟು ದೀಪ ಹಿಡಿದು ನಿಂತಾಗ ತಂದೆಯ ಕಣ್ಣಿಗೆ ಈ ಚಿತ್ರ ಹೊಳೆಯಿತೆಂದು ಆಕೆಯೇ ಮುಪ್ಪಿನಲ್ಲಿ ಹೇಳಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಗೀತಾ ಉಪಳೇಕರ ಎಂಬ ಹೆಸರಿನಿಂದ ಕೊಲ್ಲಾಪುರದಲ್ಲಿ ಬಾಳಿ, 2018ರಲ್ಲಿ 102ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕೊಲ್ಲಾಪುರ ಎಂದರೆ ಮಿರಜದಿಂದ ರೈಲಿನಲ್ಲಿ ಹೋಗಿ ಸಂಜೆಗೆ ತಿರುಗಿ ಬರುವಷ್ಟು ದೂರ. ಪಡಸಾಲೆಯ ಕ್ಯಾಲೆಂಡರಿನ ಹುಡುಗಿ ನಮ್ಮ ನೆರೆಯಲ್ಲೇ ಅಜ್ಜಿಯಾಗಿ ಇದ್ದಳು, ನಮಗೆ ಗೊತ್ತಿರಲಿಲ್ಲ.

ಈ ಚಿತ್ರ ಜಲವರ್ಣದ್ದು. ಇದರ ಕಷ್ಟ ಏನೆಂದು ತಿಳಿದರೆ ಬೆರಗು ಹೆಚ್ಚಾಗುತ್ತದೆ. ತೈಲವರ್ಣದಲ್ಲಿ ಕಪ್ಪಿನ ಮೇಲೆ ಬಿಳಿ ಹಚ್ಚಿ ಬೆಳಕು ಮಾಡಬಹುದು. ತಪ್ಪಿದರೆ ಕೆರೆದು ತೆಗೆಯಬಹುದು. ಜಲವರ್ಣದಲ್ಲಿ ಬೆಳಕೆಂದರೆ ಕಾಗದದ ಬಿಳುಪು. ಎಲ್ಲಿ ಬೆಳಕು ಬೇಕೋ ಅಲ್ಲಿ ಬಣ್ಣ ಹಚ್ಚದೆ, ಇಲ್ಲವೆ ತೀರ ತೆಳುವಾಗಿ ಹಚ್ಚಿ, ಸುತ್ತಲೂ ಕತ್ತಲೆಯನ್ನು ಪದರು ಪದರಾಗಿ ಕಟ್ಟುತ್ತ ಬರಬೇಕು. ಬ್ಯಾಂಕಿನ ಹಳೆಯ ಲೆಜರಿನ ಹಾಗೆ: ಮಸಿ ಬಿತ್ತೆಂದರೆ ಬಿತ್ತು, ಅಳಿಸುವ ಹಾಗಿಲ್ಲ. ಮೊದಲ ಗೆರೆಗೆ ಮುನ್ನವೇ ಕೊನೆಯ ಬೆಳಕು ಎಲ್ಲಿರಬೇಕೆಂದು ಮನಸ್ಸಿನಲ್ಲಿ ಗೊತ್ತಾಗಿರಬೇಕು.

ಭಾವಚಿತ್ರದ ಮೊದಲ ಗುಟ್ಟು ಇಲ್ಲಿದೆ. ಅದು ಕಣ್ಣು ಮೂಗು ಬಾಯಿಗಳಿಂದ ಶುರುವಾಗುವುದಿಲ್ಲ, ಬೆಳಕಿನಿಂದ ಶುರುವಾಗುತ್ತದೆ. ಚಿತ್ರಕಾರರು ಎದುರಿಗೆ ಕೂತವರನ್ನು ಕಿಟಕಿಯ ಪಕ್ಕ ಕೂರಿಸುತ್ತಾರೆ, ಬೆಳಕು ಒಂದು ಕಡೆಯಿಂದ ಬೀಳುವಂತೆ. ಬಹುಮಟ್ಟಿಗೆ ಉತ್ತರದ ಕಿಟಕಿ ಆರಿಸುತ್ತಾರೆ. ನಮ್ಮ ಕಡೆ ವರ್ಷದ ಬಹುಪಾಲು ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳುವುದಿಲ್ಲ, ಆದ್ದರಿಂದ ಮುಖದ ಮೇಲಿನ ನೆರಳು ಗಂಟೆಗೊಮ್ಮೆ ಜಾಗ ಬದಲಿಸುವುದಿಲ್ಲ. ಆಮೇಲೆ ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಹಾಗೆ ನೋಡಿದಾಗ ರೆಪ್ಪೆ, ಸುಕ್ಕು, ಮೀಸೆಯ ಕೂದಲು ಎಲ್ಲ ಮಾಯವಾಗಿ ಬೆಳಕಿನ ಭಾಗ, ನೆರಳಿನ ಭಾಗ ಎರಡೇ ಉಳಿಯುತ್ತವೆ. ಆ ಎರಡು ಭಾಗಗಳ ಆಕಾರ ಸರಿಯಾಗಿ ಬಂದರೆ, ಕಣ್ಣು ಮೂಗು ಬರೆಯುವ ಮೊದಲೇ ಮನುಷ್ಯ ಗುರುತು ಹತ್ತುತ್ತಾನೆ. ಕತ್ತಲಾದ ಮೇಲೆ ಹೊಲದ ಬದುವಿನಲ್ಲಿ ಬರುವ ಅಣ್ಣನನ್ನು ಮುಖ ಕಾಣದಿದ್ದರೂ ಗುರುತಿಸುತ್ತೇವಲ್ಲ, ಹಾಗೆ.

ಬಣ್ಣ ಅದರ ನಂತರದ ಮಾತು. ಇದಕ್ಕೆ ನಮ್ಮ ಜಿಲ್ಲೆಯ ಇತಿಹಾಸದಲ್ಲೇ ಒಂದು ಕಥೆ ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಒಬ್ಬ ಹುಡುಗ ಚಿತ್ರಕಾರನಾಗಬೇಕೆಂದು 1885ರಲ್ಲಿ ಮುಂಬಯಿಯ ಅದೇ ಜೆ.ಜೆ. ಕಲಾಶಾಲೆಗೆ ಸೇರಿದ. ಆದರೆ ಅವನ ಕಣ್ಣು ಕೆಲವು ಬಣ್ಣಗಳನ್ನು ಬೇರೆ ಮಾಡಿ ಗುರುತಿಸುತ್ತಿರಲಿಲ್ಲ. ಬಣ್ಣ ಬಿಡಬೇಕಾಯಿತು, ಗೆರೆ ಬಿಡಲಿಲ್ಲ. ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತು, ಅದನ್ನೇ ಕಲಿಸಿ, ಕೊನೆಗೆ ಔಂಧ ಸಂಸ್ಥಾನದ ಬರಡು ನೆಲದಲ್ಲಿ 1910ರಲ್ಲಿ ಕಾರಖಾನೆ ಕಟ್ಟಿದ. ಅವರೇ ಲಕ್ಷ್ಮಣರಾವ ಕಿರ್ಲೋಸ್ಕರ. ಆ ನೆಲವೇ ಇಂದು ಸಾಂಗಲಿ ಜಿಲ್ಲೆಯ ಕಿರ್ಲೋಸ್ಕರವಾಡಿ. ನೇಗಿಲು ಕೊಟ್ಟವರು ಮೊದಲು ಕುಂಚ ಹಿಡಿಯಲು ಹೋಗಿದ್ದರು. ಬಣ್ಣ ಕಾಣದವನಿಗೂ ಆಕಾರ ಕಾಣುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಎರಡನೆಯ ಗುಟ್ಟು ಸಮಯ. ಕ್ಯಾಮರಾ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖವನ್ನು ಹಿಡಿಯುತ್ತದೆ. ಚಿತ್ರಕ್ಕೆ ಕೂತವರು ತಾಸುಗಟ್ಟಲೆ ಕೂರುತ್ತಾರೆ, ಎಷ್ಟೋ ಸಲ ದಿನಗಟ್ಟಲೆ. ಮೊದಲ ಅರ್ಧ ತಾಸು ಎಲ್ಲರೂ ಫೋಟೋಕ್ಕೆ ಕೂತಂತೆ ಬಿಗಿಯಾಗಿಯೇ ಕೂರುತ್ತಾರೆ. ಆಮೇಲೆ ಭುಜ ಇಳಿಯುತ್ತದೆ. ಕಣ್ಣು ಎಲ್ಲೋ ಹೋಗುತ್ತದೆ, ಬೆಳೆ ಸಾಲದ ಕಡೆಗೋ ಮಗಳ ಮದುವೆಯ ಕಡೆಗೋ. ನಿಜವಾದ ಮುಖ ಆಗ ಹೊರಗೆ ಬರುತ್ತದೆ. ಚಿತ್ರಕಾರ ಅದಕ್ಕಾಗಿ ಕಾಯುತ್ತಾನೆ. ಹೀಗಾಗಿ ಒಂದು ಭಾವಚಿತ್ರದಲ್ಲಿ ಒಂದು ಕ್ಷಣದ ಮುಖ ಇರುವುದಿಲ್ಲ, ಇಬ್ಬರು ಎದುರು ಬದುರು ಕೂತು ಕಳೆದ ಅಷ್ಟೂ ಹೊತ್ತು ಇರುತ್ತದೆ.

ನಮ್ಮ ಮಿರಜದವರಿಗೆ ಇದನ್ನು ತಂಬೂರಿಯ ಭಾಷೆಯಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. 2024ರಲ್ಲಿ ಮಿರಜದ ಸಿತಾರ, ತಂಬೂರಿಗಳಿಗೆ ಭೌಗೋಲಿಕ ಗುರುತಿನ ಮಾನ್ಯತೆ ಸಿಕ್ಕಿತು. ಆ ಕುಶಲಿಗಳ ಅಂಗಡಿಯಲ್ಲಿ ನೋಡಿ: ಕುಂಬಳದ ಬುರುಡೆ, ದಂಡಿ, ತಂತಿ ಎಲ್ಲ ಕೂಡಿದ ಮೇಲೂ ವಾದ್ಯ ಮಾತಾಡುವುದಿಲ್ಲ. ಕುದುರೆಯ ಮೇಲ್ಮೈಯನ್ನು ಕೂದಲೆಳೆಯಷ್ಟು ಉಜ್ಜಿ, ಕಿವಿಗೊಟ್ಟು ಕೇಳಿ, ಮತ್ತೆ ಉಜ್ಜಿ, "ಜವಾರಿ" ತೆಗೆಯುತ್ತಾರೆ. ಆಮೇಲೆ ನಾದ ಬಿಚ್ಚಿಕೊಳ್ಳುತ್ತದೆ. ಅಳತೆ ಎಲ್ಲ ಸರಿ ಇದ್ದು ಜವಾರಿ ಇಲ್ಲದ ತಂಬೂರಿ ಹೇಗೋ, ಹುಬೇಹುಬ್ ಇದ್ದು ಭಾವ ಇಲ್ಲದ ಚಿತ್ರ ಹಾಗೆ.

ಇನ್ನು ನಮ್ಮ ಕಾಲದ ಒಬ್ಬ ಚಿತ್ರಕಾರರ ಮಾತು. ವಾಸುದೇವ ಕಾಮತ್ ಹುಟ್ಟಿದ್ದು 1956ರಲ್ಲಿ ನಮ್ಮ ಕಾರ್ಕಳದಲ್ಲಿ. ಬೆಳೆದು ಹೆಸರು ಮಾಡಿದ್ದು ಮುಂಬಯಿಯಲ್ಲಿ. ಅವರೂ ಜೆ.ಜೆ. ಕಲಾಶಾಲೆಯವರೇ. ಜನರ ಎದುರಿಗೇ ಒಬ್ಬರನ್ನು ಕೂರಿಸಿಕೊಂಡು ಭಾವಚಿತ್ರ ಬರೆದು ತೋರಿಸುವ ಪ್ರಾತ್ಯಕ್ಷಿಕೆಗಳಿಗೆ ಅವರು ಪ್ರಸಿದ್ಧರು. 2006ರಲ್ಲಿ ಅಮೇರಿಕದ ಭಾವಚಿತ್ರಕಾರರ ಸಂಘ ತನ್ನ ದೊಡ್ಡ ಬಹುಮಾನವಾದ ಡ್ರೇಪರ್ ಬಹುಮಾನವನ್ನು ಅವರಿಗೆ ಕೊಟ್ಟಿತು. 2025ರಲ್ಲಿ ಪದ್ಮಶ್ರೀ ಬಂತು. ಅಮೇರಿಕದಲ್ಲಿ ಗೆದ್ದ ಆ ಚಿತ್ರ ಯಾವ ರಾಜನದೂ ಅಲ್ಲ, ಮಂತ್ರಿಯದೂ ಅಲ್ಲ. ಚಿತ್ರದ ಹೆಸರೇ "ನನ್ನ ಹೆಂಡತಿ".

ಹಳದಣಕರರು ಮಗಳನ್ನು ಬರೆದರು, ಕಾಮತರು ಹೆಂಡತಿಯನ್ನು ಬರೆದರು. ಇದು ಯೋಚನೆ ಮಾಡುವಂಥದು. ದಿನಾ ನೋಡುವ ಮುಖ ಬರೆಯುವುದು ಸುಲಭ ಎಂದು ತೋರುತ್ತದೆ. ನನಗೆ ಹಾಗೆ ಅನಿಸುವುದಿಲ್ಲ. ದಿನಾ ನೋಡುವುದನ್ನು ನಾವು ನೋಡುವುದನ್ನೇ ಬಿಟ್ಟಿರುತ್ತೇವೆ. ತಮ್ಮ ಮನೆಯಾಕೆಯ ಯಾವ ಹುಬ್ಬು ಮೇಲಿದೆ, ಯಾವುದು ಕೆಳಗಿದೆ, ಈಗಲೇ ಹೇಳಬಲ್ಲಿರಾ? ನಾನು ಹೇಳಲಾರೆನಾದೆ, ಎದ್ದು ಅಡಿಗೆಮನೆಗೆ ಹೋಗಿ ನೋಡಿ ಬಂದೆ. "ಏನಾತ್ರಿ?" ಎಂದು ಕೇಳಿಸಿಕೊಂಡೆ.

ಈ ವಿದ್ಯೆ ದೂರದ್ದು ಎಂದು ತಿಳಿಯಬೇಡಿ. ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರ ಆಶ್ರಯದಲ್ಲಿ ಆಬಾಲಾಲ ರಹಿಮಾನ ಇದ್ದರು, 1931ರಲ್ಲಿ ಕಾಲವಾದರು. ಅಲ್ಲಿಯವರೇ ಬಾಬುರಾವ ಪೇಂಟರ, 1890ರಿಂದ 1954ರ ವರೆಗೆ ಬಾಳಿದವರು. ನಾಟಕದ ಪರದೆ ಬರೆದರು, ಭಾವಚಿತ್ರ ಬರೆದರು, ಆಮೇಲೆ ಸಿನೇಮಾ ತೆಗೆದರು. ಕಸಬೇ ಅವರ ಅಡ್ಡಹೆಸರಾಯಿತು. ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿ ಮಾಸ್ತರರು ಚಿತ್ರಮಂದಿರ ನಡೆಸಿ ಎರಡೂ ಭಾಷೆಯ ಮಕ್ಕಳ ಕೈಗೆ ಇದ್ದಿಲು ಕಡ್ಡಿ ಕೊಟ್ಟರು. ಹೆಸರಾಂತ ಚಿತ್ರಕಾರ ರವಿ ಪರಾಂಜಪೆ ಅವರ ಶಿಷ್ಯರು. ಗದಗಿನಲ್ಲಿ ಟಿ.ಪಿ. ಅಕ್ಕಿಯವರು ವಿಜಯ ಕಲಾಮಂದಿರ ಕಟ್ಟಿದರು. ಗಡಿಯ ವಾದ ಕೋರ್ಟಿನಲ್ಲಿದೆ, ಇರಲಿ. ಮುಖದ ಮೇಲೆ ಬೀಳುವ ಬೆಳಕಿಗೆ ಕನ್ನಡದ ಬೆಳಕು, ಮರಾಠಿಯ ಬೆಳಕು ಎಂದು ಇಲ್ಲ. ಇದ್ದಿಲು ಹಿಡಿದ ಹುಡುಗರು ಅದನ್ನು ಬೇಗ ಕಲಿಯುತ್ತಾರೆ.

"ಈಗ ಎಲ್ಲರ ಕಿಸೆಯಲ್ಲೂ ಫೋನು, ಫೋನಿನಲ್ಲಿ ಕ್ಯಾಮರಾ. ಇಷ್ಟು ಕಷ್ಟಪಟ್ಟು ಬರೆಸುವುದು ಏಕೆ?" ಎಂದು ನನ್ನ ಮೊಮ್ಮಗ ಕೇಳಿದ. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರವಾಗಿ ನನ್ನ ಅವ್ವನ ಚಿತ್ರದ ಸಂಗತಿ ಹೇಳಿದೆ. ಅವ್ವ ಹೋದಾಗ ಮನೆಯಲ್ಲಿ ಅವಳ ಒಂಟಿ ಫೋಟೋ ಇರಲಿಲ್ಲ. ಯಾವುದೋ ಮದುವೆಯ ಗುಂಪು ಫೋಟೋದಲ್ಲಿ ಬೆರಳುಗುರಿನಷ್ಟು ಮುಖ ಇತ್ತು. ಒಂದು ಅಂಗಡಿಯಲ್ಲಿ ಕೊಟ್ಟು ದೊಡ್ಡದು ಮಾಡಿಸಿ ಬಣ್ಣ ಹಾಕಿಸಿದೆವು. ಅವರು ಕೆಲಸ ಚೊಕ್ಕ ಮಾಡಿದರು. ಹೊಸ ಸೀರೆ ಉಡಿಸಿದರು, ಸುಕ್ಕು ತೆಗೆದರು, ವಾಲಿದ ಕತ್ತನ್ನು ನೆಟ್ಟಗೆ ಮಾಡಿದರು. ಆದರೆ ಅವ್ವನಿಗೆ ಬಲಗಿವಿ ಮಂದ. ಜೀವನವಿಡೀ ಎಡಗಿವಿ ಮುಂದೆ ಮಾಡಿ, ಕತ್ತು ವಾಲಿಸಿಯೇ ನಮ್ಮ ಮಾತು ಕೇಳಿದಳು. ನೆಟ್ಟಗೆ ಕತ್ತಿನ ಆ ಚಿತ್ರಕ್ಕೆ ಹಬ್ಬ ಹುಣ್ಣಿಮೆಗೆ ಹೂ ಏರಿಸುತ್ತೇವೆ. ಅಲ್ಲಿರುವವಳು ಯಾರದೋ ಅವ್ವ. ಅವಳ ಎದುರಿಗೆ ಒಂದು ತಾಸು ಕೂತು ನೋಡಿದವರು ಬರೆದಿದ್ದರೆ, ಮೂಗು ತುಸು ತಪ್ಪಿದ್ದರೂ ಕತ್ತು ತಪ್ಪುತ್ತಿರಲಿಲ್ಲ. ಫೋನು ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ನೋಡದೆ ಒತ್ತಿದರೆ ಅದರಲ್ಲೂ ಏನೂ ಸಿಗುವುದಿಲ್ಲ ಎನ್ನುತ್ತೇನೆ, ಅಷ್ಟೆ.

ಮುಂದಿನ ಸಲ ಸಾಂಗಲಿಯಲ್ಲೋ ಮಿರಜದಲ್ಲೋ ಚಿತ್ರಪ್ರದರ್ಶನದ ಫಲಕ ಕಂಡರೆ ಒಳಗೆ ಹೋಗಿ. ಬಹುಮಟ್ಟಿಗೆ ತಿಕೀಟು ಇರುವುದಿಲ್ಲ. ಎಲ್ಲ ಚಿತ್ರ ನೋಡಬೇಕೆಂಬ ಹಟ ಬೇಡ, ನಾಲ್ಕು ಆರಿಸಿಕೊಳ್ಳಿ. ಮೊದಲು ಹತ್ತು ಹೆಜ್ಜೆ ದೂರ ನಿಂತು ಕಣ್ಣು ಕಿರಿದು ಮಾಡಿ ಬೆಳಕು ಯಾವ ಕಡೆಯಿಂದ ಬಂದಿದೆ ನೋಡಿ. ಆಮೇಲೆ ಹತ್ತಿರ ಹೋಗಿ. ದೂರದಿಂದ ಕೆನ್ನೆಯಾಗಿ ಕಂಡದ್ದು ಹತ್ತಿರದಿಂದ ಬರೀ ನಾಲ್ಕು ಬಣ್ಣದ ಏಟಾಗಿರುತ್ತದೆ, ನೆರಳಿನಲ್ಲಿ ಹಸಿರು ನೀಲಿಯೂ ಇರುತ್ತದೆ. ಕೈಗಳನ್ನು ಮರೆಯದೆ ನೋಡಿ. ಮುಖವನ್ನು ಮನುಷ್ಯ ಸಂಭಾಳಿಸಿಕೊಳ್ಳುತ್ತಾನೆ, ಕೈ ನಿಜ ಹೇಳಿಬಿಡುತ್ತದೆ. ಹೆಸರಿನ ಚೀಟಿಯನ್ನು ಕೊನೆಗೆ ಓದಿ. ಚಿತ್ರಕಾರರು ಅಲ್ಲೇ ಇದ್ದರೆ ಬೆಲೆ ಕೇಳುವ ಮೊದಲು "ಇವರು ಎಷ್ಟು ಹೊತ್ತು ಕೂತಿದ್ದರು?" ಎಂದು ಕೇಳಿ. ಅವರ ಮುಖ ಅರಳುವುದನ್ನು ನೋಡುತ್ತೀರಿ; ಅದೂ ಒಂದು ಭಾವಚಿತ್ರವೇ.

ಮನೆಯಲ್ಲಿ ಹಿರಿಯರಿದ್ದರೆ ಇನ್ನೊಂದು ಕೆಲಸ ಮಾಡಿ. ಶಾಲೆಗೆ ಹೋಗುವ ಮಗುವಿನ ಕೈಗೆ ಪೆನ್ಸಿಲು ಕಾಗದ ಕೊಟ್ಟು ಅಜ್ಜಿಯ ಎದುರಿಗೆ ಅರ್ಧ ತಾಸು ಕೂರಿಸಿ. ಚಿತ್ರ ಹೇಗಾದರೂ ಬರಲಿ. ಅಜ್ಜಿಯ ಕತ್ತು ಯಾವ ಕಡೆ ವಾಲುತ್ತದೆ ಎಂದು ಆ ಮಗುವಿಗೆ ಜನ್ಮವಿಡೀ ಗೊತ್ತಿರುತ್ತದೆ.

ಹಯಾತಿ ದಾಖಲೆಗೆ ಎಷ್ಟೋ ಸಾವಿರ ಸಹಿ ಹಾಕಿದ್ದೇನೆ, "ಇವರು ಜೀವಂತ ಇದ್ದಾರೆ, ನಾನು ಕಣ್ಣಾರೆ ಕಂಡಿದ್ದೇನೆ" ಎಂದು. ಅವುಗಳಲ್ಲಿ ನಿಜವಾಗಿ ಕಂಡು ಹಾಕಿದ ಸಹಿ ಎಷ್ಟು ಎಂದು ಲೆಕ್ಕ ಹಾಕಿದರೆ ತಲೆ ತಗ್ಗುತ್ತದೆ. ಜತ್ತದ ಕಡೆಯ ಆ ಅಜ್ಜಿಯದು ಮಾತ್ರ, ಎರಡನೆಯ ದಿನದ್ದು, ಖಂಡಿತ ಅವುಗಳಲ್ಲಿ ಒಂದು.